ಲೆಕ್ಕದ ಪುಸ್ತಕ ಹಿಡಿದು ಆಲೆಮನೆಯಲ್ಲಿ ಎರಡು ದಿನ

"ಭಾವ, ನಿಮಗೆ ಆಕ್ಟಿಂಗ್ ಬರಲ್ಲ, ಕ್ಯಾಮೆರಾ ಮುಟ್ಟಿಲ್ಲ, ಲೈಟು ಹಿಡ್ಕೊಳ್ಳೋಕೆ ಸೊಂಟ ನೋವು ಅಂತೀರಿ. ಕಂಟಿನ್ಯುಟಿ ಬುಕ್ ಬರೀತೀರಾ?"

ನನ್ನ ಹೆಂಡತಿಯ ತಮ್ಮ ಹೀಗೆ ಕೇಳಿದಾಗ ಬೇಜಾರೇನೂ ಆಗಲಿಲ್ಲ. ಅವನು ಹೇಳಿದ್ದು ಮೂರೂ ನಿಜ. ಮಂಡ್ಯದ ಒಂದು ಗೊಬ್ಬರದ ಅಂಗಡಿಯಲ್ಲಿ 19 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಅದು ಬಿಟ್ಟರೆ ಬೇರೆ ಕೆಲಸ ಅಷ್ಟಾಗಿ ಗೊತ್ತಿಲ್ಲ. ಕಂಟಿನ್ಯುಟಿ ಅಂದರೇನು ಅಂತ ಮಾತ್ರ ಕೇಳಿದೆ.

"ಒಂದು ಶಾಟಲ್ಲಿ ಲೋಟ ಬಲಗೈಲಿದ್ರೆ ಮುಂದಿನ ಶಾಟಲ್ಲೂ ಬಲಗೈಲೇ ಇರಬೇಕು. ಅಷ್ಟೇ ಭಾವ."

ಅಷ್ಟೇ ಅಲ್ಲ ಅಂತ ಶೂಟಿಂಗ್ ಶುರುವಾದ ಒಂದು ಗಂಟೆಯಲ್ಲಿ ಗೊತ್ತಾಯಿತು.

ನಮ್ಮ ಕಡೆಯವರಿಗೆ ಶೂಟಿಂಗ್ ಹೊಸದಲ್ಲ. ಮೇಲುಕೋಟೆಯ ಕಲ್ಯಾಣಿ, ಶ್ರೀರಂಗಪಟ್ಟಣದ ಹತ್ತಿರದ ಮಹದೇವಪುರ, ಕೆಆರ್‌ಎಸ್, ಎಲ್ಲ ಕಡೆ ಚಿಕ್ಕಂದಿನಿಂದ ನೋಡಿದ್ದೇವೆ. ಆದರೆ ನೋಡಿದ್ದು ಹಗ್ಗದ ಆಚೆಯಿಂದ. ಒಂದೇ ಹಾಡಿನ ಒಂದೇ ಸಾಲಿಗೆ ಹೀರೋ ಎಂಟು ಸಲ ಕುಣಿಯುವುದನ್ನು ನೋಡಿ "ಇವರಿಗೇನು ಬೇರೆ ಕೆಲಸ ಇಲ್ವಾ" ಅಂತ ಬೈದುಕೊಂಡು ಮನೆಗೆ ಬಂದವನು ನಾನು. ಹಗ್ಗದ ಒಳಗಡೆ ನಿಂತದ್ದು ಇದೇ ಮೊದಲು.

ಸಿನಿಮಾ 9 ನಿಮಿಷದ್ದು. ಕಥೆ ಸಣ್ಣದು. ಅಪ್ಪ ಆಲೆಮನೆ ನಡೆಸುತ್ತಾನೆ. ಮಗ ಬೆಂಗಳೂರಿಂದ ಬರುತ್ತಾನೆ, ಜಮೀನು ಮಾರೋಣ ಅನ್ನುತ್ತಾನೆ. ಇಬ್ಬರೂ ಟೀ ಕುಡಿಯುತ್ತಾರೆ. ಅಪ್ಪ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಹೊರಡುವಾಗ ಮಗನ ಕೈಗೆ ಒಂದು ಅಚ್ಚು ಬೆಲ್ಲ ಕೊಡುತ್ತಾನೆ. ಕೆರಗೋಡು ರಸ್ತೆಯ ಕಡೆ ಗೊತ್ತಿದ್ದವರ ಆಲೆಮನೆ ಎರಡು ದಿನಕ್ಕೆ ಸಿಕ್ಕಿತು. ಅಪ್ಪನ ಪಾತ್ರಕ್ಕೆ ಅದೇ ಊರಿನ ಯಜಮಾನರು. ಕುರುಕ್ಷೇತ್ರ ನಾಟಕದಲ್ಲಿ ವರ್ಷಗಟ್ಟಲೆ ದುರ್ಯೋಧನ ಮಾಡಿದವರು. ಮಗನ ಪಾತ್ರಕ್ಕೆ ಮೈಸೂರಿನಲ್ಲಿ ನಾಟಕ ಆಡುವ ಒಬ್ಬ ಹುಡುಗ. ಕ್ಯಾಮೆರಾಕ್ಕೆ ಮೈಸೂರಿನಿಂದಲೇ ಮದುವೆ ವಿಡಿಯೋ ಮಾಡುವ ಇನ್ನೊಬ್ಬ ಹುಡುಗ, ಒಂದು ಕ್ಯಾಮೆರಾ ಮತ್ತು 24, 50, 85 ಎಂ.ಎಂ.ನ ಮೂರು ಲೆನ್ಸ್ ಸಮೇತ. ಒಟ್ಟು ಖರ್ಚು 18 ಸಾವಿರದ ಚಿಲ್ಲರೆ. ಇದನ್ನೂ ನಾನೇ ಬರೆದಿಟ್ಟಿದ್ದೇನೆ.

ಶೂಟಿಂಗ್‌ಗೆ ಒಂದು ವಾರ ಮುಂಚೆ ಭಾಮೈದ ನನಗೆ ಸ್ಕ್ರಿಪ್ಟ್ ಕೊಟ್ಟ. 11 ಸೀನ್, 58 ಶಾಟ್. ಜೊತೆಗೆ ಇನ್ನೊಂದು ಹಾಳೆ ಕೊಟ್ಟ, ಯಾವುದನ್ನು ಯಾವಾಗ ತೆಗೆಯುವುದು ಅಂತ. ನೋಡಿದರೆ ತಲೆಬುಡ ಇಲ್ಲ. ಮೊದಲ ದಿನ ಬೆಳಗ್ಗೆ 4ನೇ ಸೀನ್, ಅದಾದ ಮೇಲೆ 9, ಸಂಜೆ 2. ಎರಡನೇ ದಿನ 3ರಿಂದ ಶುರು. 1ನೇ ಸೀನ್ ಎಲ್ಲಕ್ಕಿಂತ ಕೊನೆಗೆ.

"ಇದೇನಯ್ಯಾ, ಹಿಂದುಮುಂದು?"

"ಬಿಸಿಲು ಎಲ್ಲಿರುತ್ತೆ, ಯಾರು ಯಾವಾಗ ಸಿಗ್ತಾರೆ, ಅದರ ಮೇಲೆ ಭಾವ. ಒಂದೇ ಜಾಗದ ಸೀನೆಲ್ಲ ಒಟ್ಟಿಗೆ ಮುಗಿಸಬೇಕು. ಕಥೆ ಪ್ರಕಾರ ತೆಗೀತಾ ಹೋದ್ರೆ ಎರಡು ದಿನ ಅಲ್ಲ, ಎರಡು ವಾರ ಬೇಕು."

ಆಗ ನನಗೆ ಹೊಳೆಯಿತು, ಇದು ನನ್ನ ಕೆಲಸವೇ. ಅಂಗಡಿಯಲ್ಲೂ ಚೀಟಿಗಳು ಹೀಗೇ ಬರುತ್ತವೆ. ಮೊನ್ನೆಯದು ಇವತ್ತು, ಇವತ್ತಿನದು ನಾಳಿದ್ದು. ಪುಸ್ತಕದಲ್ಲಿ ಮಾತ್ರ ತಾರೀಖಿನ ಪ್ರಕಾರ ಕೂರಬೇಕು. ಹಿಂದಿನ ದಿನದ ಆಖೈರು ಶಿಲ್ಕು ಏನಿದೆಯೋ ಅದೇ ಇವತ್ತಿನ ಆರಂಭ ಶಿಲ್ಕು. 2ನೇ ಸೀನ್ ಮುಗಿದಾಗ ಯಜಮಾನರ ಪಂಚೆ ಎತ್ತಿ ಕಟ್ಟಿದ್ದರೆ 3ನೇ ಸೀನ್ ಶುರುವಾಗುವಾಗಲೂ ಎತ್ತಿ ಕಟ್ಟಿರಬೇಕು. ಮಧ್ಯೆ ಅವರು ಮನೆಗೆ ಹೋಗಿ, ಮಲಗಿ, ಎದ್ದು, ಬೇರೆ ಪಂಚೆ ಉಟ್ಟುಕೊಂಡು ಬಂದರೂ ಸರಿ. ಸೆಟ್ಟಿನಲ್ಲಿ ಎಲ್ಲರೂ ಶೂಟಿಂಗ್ ಲೆಕ್ಕದಲ್ಲಿ ಇರುತ್ತಾರೆ. ಕಥೆಯ ಲೆಕ್ಕದಲ್ಲಿ ಇರುವವನು ಪುಸ್ತಕ ಹಿಡಿದವನು ಒಬ್ಬನೇ.

ಹಳೆಯ ಖಾತೆ ಪುಸ್ತಕ ಒಂದು ಖಾಲಿ ಇತ್ತು. ಅದರಲ್ಲಿ ಕಾಲಂ ಹಾಕಿಕೊಂಡೆ. ಸೀನ್, ಶಾಟ್, ಟೇಕ್, ಲೆನ್ಸ್, ಕ್ಯಾಮೆರಾ ಎಷ್ಟು ಎತ್ತರ, ಯಾರು ಯಾವ ಕಡೆ ನೋಡುತ್ತಾರೆ, ಯಾವ ಮಾತಿಗೆ ಯಾವ ಕೈ, ಕೊನೆಗೆ ಓಕೆ ಅಥವಾ ಎನ್‌ಜಿ (ನೋ ಗುಡ್, ಅಂದರೆ ಬೇಡದ ಟೇಕ್). ಕಥೆಯಲ್ಲಿ ಎಷ್ಟನೇ ದಿನ ಅನ್ನುವ ಕಾಲಂ ಬೇರೆ. ಮಗ ಬರುವ ದಿನ ಒಂದು, ಹೋಗುವ ದಿನ ಎರಡು. ಅಂಗಿ ಬದಲಾಗಬೇಕು, ಗಡ್ಡ ಒಂಚೂರು ಬೆಳೆದಿರಬೇಕು. ಕ್ಲ್ಯಾಪ್ ಬೋರ್ಡ್ ಬಾಡಿಗೆಗೆ ತರಲಿಲ್ಲ. ಮಗಳ ಹಳೆಯ ಸ್ಲೇಟಿನ ಮೇಲೆ ಬಳಪದಲ್ಲಿ ಸೀನ್, ಶಾಟ್, ಟೇಕ್ ಬರೆದು, ಎರಡು ಮರದ ತುಂಡು ಟಪ್ ಅಂತ ಬಡಿಯುವುದು. ಆ ಟಪ್ ಸುಮ್ನೆ ಶೋಕಿಗಲ್ಲ. ಕ್ಯಾಮೆರಾ ಬೇರೆ, ಧ್ವನಿ ಬೇರೆ ರೆಕಾರ್ಡ್ ಆಗುತ್ತದೆ. ತುಂಡುಗಳು ಕೂಡುವ ಫ್ರೇಮನ್ನೂ ಆ ಸದ್ದನ್ನೂ ಸೇರಿಸಿದರೆ ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ಮೊದಲ ದಿನ ಬೆಳಗ್ಗೆ ಏಳಕ್ಕೇ ಟೀ ಸೀನು. ಯಜಮಾನರು ಬೋರಲು ಹಾಕಿದ ಬಕೆಟ್ ಮೇಲೆ, ಮಗ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಹಿಂದೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ. ಮೊದಲು ಇಬ್ಬರೂ ಕಾಣುವ ಹಾಗೆ ಅಗಲವಾಗಿ ಇಡೀ ಸೀನು ತೆಗೆದರು. ಅದಕ್ಕೆ ಮಾಸ್ಟರ್ ಶಾಟ್ ಅನ್ನುತ್ತಾರೆ. ಆಮೇಲೆ ಅದೇ ಮಾತು, ಅದೇ ಕೆಲಸ, ಮಗನ ಹೆಗಲ ಮೇಲಿಂದ ಅಪ್ಪನನ್ನು ನೋಡುತ್ತಾ ಒಂದು ಸಲ, ಅಪ್ಪನ ಹೆಗಲ ಮೇಲಿಂದ ಮಗನನ್ನು ಒಂದು ಸಲ, ಆಮೇಲೆ ಬರೀ ಮುಖ. ಮೂರು ನಿಮಿಷದ ಮಾತು ಐದು ಕಡೆಯಿಂದ. ಹೀರೋ ಎಂಟು ಸಲ ಯಾಕೆ ಕುಣಿಯುತ್ತಿದ್ದ ಅಂತ ಅವತ್ತು ಅರ್ಥವಾಯಿತು.

ಯಜಮಾನರದ್ದು ಒಂದು ಮಾತಿತ್ತು. "ಇನ್ನೊಂದು ವರ್ಷ ನೋಡುವ. ಆಮೇಲೆ ಮಾರುವ." ಮಾಸ್ಟರಿನಲ್ಲಿ "ಇನ್ನೊಂದು" ಅನ್ನುವಾಗ ಲೋಟ ಎತ್ತಿದರು. ಎರಡನೇ ಟೇಕಿನಲ್ಲಿ "ಆಮೇಲೆ" ಅನ್ನುವಾಗ. ಮೂರನೆಯದರಲ್ಲಿ ಲೋಟ ಕೆಳಗಿಟ್ಟು ಮೀಸೆ ತಿರುವಿದರು. ನಾಲ್ಕನೆಯದರಲ್ಲಿ ಎದ್ದೇ ನಿಂತರು. ನಾಟಕದವರು ಅಲ್ವಾ, ಪ್ರತಿ ಸಲ ಹೊಸದು. ನಾನು ಪಟಪಟ ಬರೆಯುತ್ತಿದ್ದೆ. ಭಾಮೈದ ತಲೆ ಮೇಲೆ ಕೈ ಹೊತ್ತ. ಅಗಲ ಶಾಟಿನಿಂದ ಮುಖದ ಶಾಟಿಗೆ ಕತ್ತರಿಸುವಾಗ ಲೋಟ ಒಂದರಲ್ಲಿ ತುಟಿಯ ಹತ್ತಿರ, ಇನ್ನೊಂದರಲ್ಲಿ ತೊಡೆಯ ಮೇಲೆ ಇದ್ದರೆ ಎಡಿಟಿಂಗ್ ಮಾಡುವುದು ಹೇಗೆ?

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಯಜಮಾನ್ರೇ, ಮೊದಲನೇ ಸಲ ಏನು ಮಾಡಿದ್ರೋ ಅದನ್ನೇ ಮಾಡಬೇಕಂತೆ."

"ಮೊದಲ್ನೇ ಸಲ ಏನ್ ಮಾಡ್ದೆ ಅಂತ ನಂಗೇನ್ ಗೊತ್ತು ಸಾ?"

ಪುಸ್ತಕ ನೋಡಿ ಹೇಳಿದೆ. ಬಲಗೈ. 'ವರ್ಷ' ಅಂತ ಬಾಯಿಗೆ ಬರುವ ಹೊತ್ತಿಗೆ ಲೋಟ ಎದೆಯ ಮಟ್ಟಕ್ಕೆ. 'ನೋಡುವ' ಆದಮೇಲೆ ಒಂದು ಗುಟುಕು. ಅವರು ಕಣ್ಣು ಮುಚ್ಚಿ ಕೇಳಿದರು.

"ಓ, ಪದ್ಯಕ್ಕೆ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಡ್ತಾರಲ್ಲ, ಹಂಗೆ. ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು. ಇದುನ್ ಮೊದ್ಲೇ ಯೋಳಬಾರ್ದಾ?"

ಅಲ್ಲಿಂದ ಮುಂದೆ ಯಜಮಾನರು ಒಂದು ಕೂದಲೂ ಅತ್ತಿತ್ತ ಆಗಲಿಲ್ಲ. ಮಾತಿಗೆ ಕೈಯನ್ನು ಗಂಟು ಹಾಕಿದರೆ ಸಾಕು. "ಸ್ವಲ್ಪ ಹೊತ್ತಾದ ಮೇಲೆ ಎತ್ತಿ" ಅಂದರೆ ಯಾರಿಗೂ ಆಗುವುದಿಲ್ಲ. "ಈ ಪದಕ್ಕೆ ಎತ್ತಿ" ಅಂದರೆ ಆಗುತ್ತದೆ. ಹೊಸಬರು ಯಾರಾದರೂ ಶಾರ್ಟ್ ಫಿಲಂ ಮಾಡುವವರಿದ್ದರೆ ಇದೊಂದನ್ನು ಮಾತ್ರ ಮರೆಯಬೇಡಿ.

ಟೀ ಇನ್ನೊಂದು ತಲೆನೋವು. ಗಾಜಿನ ಲೋಟ. ಪ್ರತಿ ಟೇಕಿಗೂ ಟೀ ಕಡಿಮೆಯಾಗುತ್ತದೆ, ಮೇಲೆ ಕೆನೆ ಕಟ್ಟುತ್ತದೆ. ಫ್ಲಾಸ್ಕಿನಿಂದ ಬೆರಳಿನ ಗುರುತಿಗೆ ಸರಿಯಾಗಿ ತುಂಬಿಸುತ್ತಾ ಕೂತೆ. ಆರನೇ ಸಲ ತುಂಬಿಸುವಾಗ ಆಲೆಮನೆಯ ಒಬ್ಬ ಆಳು, ಒಲೆಗೆ ಸಿಪ್ಪೆ ತಳ್ಳುತ್ತಿದ್ದವನು, ತಿರುಗಿ ನೋಡಿ "ಸ್ಟೀಲ್ ಲೋಟ ಕೊಟ್ಬುಡಿ ಸಾ, ಒಳ್ಗಡೆ ಎಷ್ಟೈತೆ ಯಾವನಿಗ್ ಕಾಣುತ್ತೆ" ಅಂದ. ಅಷ್ಟು ಜನ ಓದಿದವರಿದ್ದೆವು ಅಲ್ಲಿ. ಮಾಸ್ಟರ್ ಮತ್ತೆ ತೆಗೆದೆವು, ಸ್ಟೀಲ್ ಲೋಟದಲ್ಲಿ.

ಕೊಪ್ಪರಿಗೆಗೆ ಮಾತ್ರ ಸ್ಟೀಲ್ ಲೋಟದ ಉಪಾಯ ಇಲ್ಲ. ಒಲೆಯ ಮೇಲಿನ ಹಾಲು ಮೊದಲು ಹಸಿರು ಮಿಶ್ರಿತ ರಾಡಿ ಬಣ್ಣ. ಕುದಿಯುತ್ತಾ ನೊರೆ ಬಂದು, ಕೆಂಪಾಗಿ, ಕೊನೆಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಕಥೆಯಲ್ಲಿ ಮೂರು ನಿಮಿಷ, ನಾವು ತೆಗೆದದ್ದು ಮೂರು ಗಂಟೆ. ಅಷ್ಟರಲ್ಲಿ ಹಾಲು ಪಾಕವಾಗಿ ಅಚ್ಚಿಗೂ ಇಳಿದಿತ್ತು. ಸಿನಿಮಾ ನಡೀತಿದೆ ಅಂತ ಪಾಕ ಕಾಯುವುದಿಲ್ಲ. ಹದ ಬಂದಾಗ ಇಳಿಸಲೇಬೇಕು. ಕ್ಯಾಮೆರಾ ಹುಡುಗ ಹೇಳಿದ ದಾರಿ ಇದು. ಕೊಪ್ಪರಿಗೆ ಕಾಣುವ ಶಾಟ್‌ಗಳನ್ನೆಲ್ಲ ಮೊದಲ ಅರ್ಧ ಗಂಟೆಯಲ್ಲಿ ಮುಗಿಸುವುದು. ಉಳಿದ ಮುಖದ ಶಾಟ್‌ಗಳಿಗೆ 85ರ ಲೆನ್ಸ್ ಹಾಕಿ, ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಪೂರ್ತಿ ತೆರೆದು, ಹಿಂದಿನದೆಲ್ಲ ಮಸುಕು ಮಾಡುವುದು. ಆಗ ಹಿಂದೆ ಬರೀ ಆವಿ ಮತ್ತು ಒಲೆಯ ಕೆಂಪು. ಯಾವ ಹದ ಅಂತ ಯಾರೂ ಹೇಳಲಾರರು. ಅದೇ 24ರ ಲೆನ್ಸ್ ಹಿಡಿದು ಮುಖದ ಹತ್ತಿರ ಹೋಗಿದ್ದರೆ ಇಡೀ ಆಲೆಮನೆ ಕಾಣುತ್ತಿತ್ತು, ಯಜಮಾನರ ಮೂಗೂ ಬದನೆಕಾಯಿ ಆಗುತ್ತಿತ್ತು.

ದೊಡ್ಡ ಎಡವಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಸಿಕ್ಕಿತು. ಮುದ್ದೆ ತಿನ್ನುತ್ತಾ ಬೆಳಗಿನ ಶಾಟ್‌ಗಳನ್ನು ಲ್ಯಾಪ್‌ಟಾಪಿನಲ್ಲಿ ಒರಟಾಗಿ ಜೋಡಿಸಿ ನೋಡಿದರು. ಅಪ್ಪ ಮಾತಾಡುತ್ತಾನೆ, ಬಲಕ್ಕೆ ನೋಡುತ್ತಾನೆ. ಮಗ ಉತ್ತರ ಕೊಡುತ್ತಾನೆ, ಅವನೂ ಬಲಕ್ಕೇ ನೋಡುತ್ತಾನೆ. ಇಬ್ಬರೂ ಮೂರನೆಯವನ ಜೊತೆ ಮಾತಾಡುತ್ತಿರುವ ಹಾಗೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಒಂದೇ ಬಸ್ಸಿಗೆ ಕಾಯುವವರ ಹಾಗೆ.

ಆಗಿದ್ದೇನು ಅಂದರೆ, ಅಪ್ಪನ ಶಾಟ್ ಮುಗಿದ ಮೇಲೆ ಚಾವಣಿಯ ತೂತಿನಿಂದ ಬಿಸಿಲು ಆವಿಯ ಮೇಲೆ ಬಿದ್ದು ಚೆನ್ನಾಗಿ ಕಾಣುತ್ತಿತ್ತು. ಅದು ಸಿಗಲಿ ಅಂತ ಕ್ಯಾಮೆರಾ ಹುಡುಗ ಟ್ರೈಪಾಡ್ ಎತ್ತಿಕೊಂಡು ಇಬ್ಬರ ಆ ಬದಿಗೆ ಹೋಗಿ ಮಗನ ಶಾಟ್ ತೆಗೆದಿದ್ದ. ನಾನು ನೋಡಿದ್ದೆ. 'ನೋಟ ಯಾವ ಕಡೆ' ಕಾಲಂನಲ್ಲಿ "ಬಲ, ಬಲ" ಅಂತ ಬರೆದೂ ಇದ್ದೆ. ಅದು ತಪ್ಪು ಅಂತ ಗೊತ್ತಿರಲಿಲ್ಲ. ಲೆಕ್ಕ ಬರೆದರೆ ಸಾಲದು, ತಾಳೆ ನೋಡಬೇಕು.

ಭಾಮೈದ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ವಿವರಿಸಿದ. ಮಾತಾಡುವ ಇಬ್ಬರ ಮೂಗಿನಿಂದ ಮೂಗಿಗೆ ಒಂದು ದಾರ ಕಟ್ಟಿದೆ ಅಂದುಕೊಳ್ಳಿ. ಕ್ಯಾಮೆರಾ ಆ ದಾರದ ಒಂದೇ ಬದಿಯಲ್ಲಿ ಇರಬೇಕು. ಆ ಬದಿಯಲ್ಲಿ ಅದಕ್ಕೆ ಅರ್ಧ ಸುತ್ತು, ಅಂದರೆ 180 ಡಿಗ್ರಿ ಜಾಗ ಉಂಟು. ಎಲ್ಲಿ ಬೇಕಾದರೂ ಇಡಿ. ದಾಟಿದರೆ ಎಡ ಬಲ ಅದಲುಬದಲು.

ನನಗೆ ಅರ್ಥವಾದದ್ದು ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಲೆಕ್ಕದಲ್ಲಿ. ಈ ಏರಿಯ ಮೇಲೆ ನಿಂತರೆ ನೀರು ಎಡದಿಂದ ಬಲಕ್ಕೆ ಹರಿಯುತ್ತದೆ. ಸೇತುವೆ ದಾಟಿ ಆ ಏರಿಗೆ ಹೋಗಿ ನೋಡಿ, ಬಲದಿಂದ ಎಡಕ್ಕೆ. ನೀರು ತಿರುಗಿಲ್ಲ, ನಾವು ದಾಟಿದ್ದೇವೆ. ನಮಗೆ ಸೇತುವೆ ದಾಟಿದ್ದು ಗೊತ್ತು. ಸಿನಿಮಾ ನೋಡುವವನಿಗೆ ಗೊತ್ತಿಲ್ಲ, ಅವನು ಕುರ್ಚಿಯಲ್ಲೇ ಇದ್ದಾನೆ. ಅವನ ಪಾಲಿಗೆ ನೀರೇ ತಿರುಗಿತು.

ಹಾಗಂತ ದಾಟಲೇಬಾರದು ಅಂತಲ್ಲ. ನೋಡುವವನನ್ನೂ ಜೊತೆಗೆ ಕರೆದುಕೊಂಡು ದಾಟಬೇಕು. ಶಾಟ್ ನಡೆಯುತ್ತಿರುವಾಗಲೇ ಕ್ಯಾಮೆರಾ ನಿಧಾನವಾಗಿ ಆ ಕಡೆ ಸರಿಯಬಹುದು. ಅಥವಾ ದಾರದ ಮೇಲೇ ಕ್ಯಾಮೆರಾ ಇಟ್ಟು, ಎಡವೂ ಅಲ್ಲದ ಬಲವೂ ಅಲ್ಲದ ಒಂದು ನೇರ ಶಾಟ್ ಮಧ್ಯೆ ಹಾಕಬಹುದು. ಅಥವಾ ಪಾತ್ರವೇ ಎದ್ದು ಹೋಗಬಹುದು. ಆ ಬಿಸಿಲಿನ ಶಾಟ್ ಬಿಡಲು ಯಾರಿಗೂ ಮನಸ್ಸಿರಲಿಲ್ಲ. ಅದಕ್ಕೇ ಮಾತಿನ ಮಧ್ಯದಲ್ಲಿ ಯಜಮಾನರು ಎದ್ದು, ಒಲೆ ನೋಡಿ, ಮಗನ ಇನ್ನೊಂದು ಪಕ್ಕಕ್ಕೆ ಬಂದು ಕೂರುವ ಹಾಗೆ ಒಂದು ಶಾಟ್ ಸೇರಿಸಿದರು. ಅವರು ಜಾಗ ಬದಲಿಸಿದ್ದನ್ನು ನೋಡುವವನು ಕಣ್ಣಾರೆ ಕಂಡ. ದಾರವೂ ಬದಲಾಯಿತು. ನನಗೆ ಕೇಳಿದರೆ ಆ ಸೀನು ಮೊದಲಿಗಿಂತ ಚೆನ್ನಾಗಿಯೇ ಆಯಿತು. ಮಗ ಜಮೀನು ಮಾರೋಣ ಅಂದಾಗ ಅಪ್ಪ ಉತ್ತರ ಕೊಡದೆ ಎದ್ದು ಒಲೆ ನೋಡಲು ಹೋಗುತ್ತಾನೆ. ಸ್ಕ್ರಿಪ್ಟಿನಲ್ಲಿ ಇರಲಿಲ್ಲ ಅದು. ತಪ್ಪಿನಿಂದ ಬಂದ ಬಡ್ಡಿ.

ಆಮೇಲೆ ನಾನು ಒಂದು ಕೆಲಸ ಮಾಡಿದೆ. ಯಾರಾದರೂ ಇಬ್ಬರು ಎದುರುಬದುರು ಕೂತ ಕೂಡಲೇ, ಶಾಟಿಗೆ ಕಾಣದ ಹಾಗೆ ಹಿಂದೆ ಮುಂದೆ ಒಂದೊಂದು ಕಬ್ಬಿನ ಜಲ್ಲೆ ನೆಲದ ಮೇಲೆ ಇಟ್ಟುಬಿಡುತ್ತಿದ್ದೆ. ಅದೇ ಗೆರೆ. ಕ್ಯಾಮೆರಾ ಹುಡುಗ ಟ್ರೈಪಾಡ್ ಎತ್ತಿಕೊಂಡು ಜಲ್ಲೆ ದಾಟಲು ಹೋದರೆ ನಾನು ಕೆಮ್ಮುತ್ತಿದ್ದೆ. ಸಂಜೆ ಹೊತ್ತಿಗೆ ಯಾವನೋ ಜಲ್ಲೆ ಮುರಿದು ತಿಂದಿದ್ದ.

ಇನ್ನೊಂದು ಗೊಂದಲ ಎಡ ಬಲದ್ದೇ. "ಎಡಕ್ಕೆ ಬನ್ನಿ" ಅಂದರೆ ಯಾರ ಎಡ? ಕ್ಯಾಮೆರಾ ಹುಡುಗನ ಎಡ ಯಜಮಾನರಿಗೆ ಬಲ. ಕೊನೆಗೆ ಹೀಗೆ ಮಾಡಿಕೊಂಡೆವು. ಜಾಗ ಹೇಳುವಾಗ ಕ್ಯಾಮೆರಾ ಎಡ, ಕ್ಯಾಮೆರಾ ಬಲ. ಮೈ ಹೇಳುವಾಗ ಅವರವರ ಎಡಗೈ, ಅವರವರ ಬಲಗೈ. ಪುಸ್ತಕದಲ್ಲೂ ಹಾಗೇ.

ಕ್ಯಾಮೆರಾ ಸೆಟ್ಟಿಂಗ್ ವಿಷಯ ನನ್ನ ಕೆಲಸ ಅಲ್ಲ, ಆದರೂ ಬರೆದುಕೊಳ್ಳಬೇಕಾಗಿತ್ತು. ಸೆಕೆಂಡಿಗೆ 25 ಫ್ರೇಮ್, ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 50ರಲ್ಲಿ ಒಂದು ಪಾಲು. ಶಟರಿನ ಅಂಕಿ ಫ್ರೇಮಿನ ಸಂಖ್ಯೆಯ ಎರಡರಷ್ಟು ಇಟ್ಟರೆ ಓಡಾಟ ಕಣ್ಣಿಗೆ ಸಹಜವಾಗಿ ಕಾಣುತ್ತದಂತೆ. ಇನ್ನೊಂದು ಲಾಭ, ನಮ್ಮ ಕರೆಂಟು 50 ಹರ್ಟ್ಸ್. ಶಟರ್ 60ರಲ್ಲಿ ಒಂದು ಇಟ್ಟರೆ ಕೆಲವು ಟ್ಯೂಬ್‌ಲೈಟಿನ ಕೆಳಗೆ ಪರದೆಯ ಮೇಲೆ ಪಟ್ಟೆ ಪಟ್ಟೆ ಓಡುತ್ತದೆ. ಫೋನಿನಲ್ಲಿ ತೆಗೆಯುವವರಿಗೂ ಇದು ಅನ್ವಯಿಸುತ್ತದೆ. ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಹೊಂದಿಸುವುದು, ಆಟೋದಲ್ಲಿ ಬಿಟ್ಟಿದ್ದ ಒಂದೇ ಶಾಟಿನಲ್ಲಿ, ಒಲೆಯ ಬೆಂಕಿ ಫ್ರೇಮಿಗೆ ಬಂದ ತಕ್ಷಣ ಯಜಮಾನರ ಮುಖ ನೀಲಿಯಾಯಿತು. ಅಲ್ಲಿಂದ 5600 ಕೆಲ್ವಿನ್‌ಗೆ, ಅಂದರೆ ಹಗಲು ಬೆಳಕಿನ ಅಳತೆಗೆ, ಬೀಗ ಹಾಕಿ ಇಟ್ಟರು. ಗಾಣದ ಎಂಜಿನ್ ಸದ್ದು ಮಾಸ್ಟರಿನಲ್ಲಿ ಇದ್ದು ಮುಖದ ಶಾಟಿನಲ್ಲಿ ಇಲ್ಲದಿದ್ದರೆ ಪ್ರತಿ ಕಟ್ಟಿಗೂ ಸದ್ದು ಹತ್ತಿ ಆರಿ ಮಾಡುತ್ತದೆ. ಅದಕ್ಕೇ ಮಾತಿರುವ ಶಾಟಿಗೆಲ್ಲ ಗಾಣ ನಿಲ್ಲಿಸಿ, ಗಾಣದ ಸದ್ದನ್ನು ಬೇರೆಯಾಗಿ ಎರಡು ನಿಮಿಷ ಹಿಡಿದುಕೊಂಡರು. ಎಲ್ಲರೂ ಬಾಯಿ ಮುಚ್ಚಿಕೊಂಡು ಖಾಲಿ ಜಾಗದ ಸದ್ದನ್ನೂ 30 ಸೆಕೆಂಡ್ ಹಿಡಿದರು. ಆ 30 ಸೆಕೆಂಡಿನಲ್ಲೇ ನನಗೆ ಕೆಮ್ಮು ಬಂದದ್ದು.

ಎರಡನೇ ದಿನ ಒಳಗಡೆ ಕತ್ತಲೆ. ಮೋಡ ಇರಲಿಲ್ಲ, ಆದರೆ ಚಾವಣಿಯ ಬಿಸಿಲು ನಿನ್ನೆಯ ಜಾಗಕ್ಕೆ ಬರಲು ಇನ್ನೂ ಎರಡು ಗಂಟೆ ಬೇಕು. ಭಾಮೈದ ಮನೆಯೊಳಗಿಂದ ಬೀರುವಿನ ಕನ್ನಡಿ ಬಿಚ್ಚಿಸಿ ತಂದ. "ವಿ.ಕೆ. ಮೂರ್ತಿ ಮಾಡಿದ್ದೂ ಇದೇ ಭಾವ" ಅಂದ. 1923ರಲ್ಲಿ ನಮ್ಮ ಮೈಸೂರಿನಲ್ಲೇ ಹುಟ್ಟಿದವರು ಅವರು. ಗುರುದತ್ ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದ ಮೊದಲ ಛಾಯಾಗ್ರಾಹಕ. ಕಪ್ಪು ಬಿಳುಪಿನ ಕಾಲದಲ್ಲಿ ಎರಡು ದೊಡ್ಡ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನು ಸ್ಟುಡಿಯೋ ಒಳಕ್ಕೆ ತಿರುಗಿಸಿ, ಕತ್ತಲೆಯಲ್ಲಿ ಬೆಳಕಿನ ಕೋಲು ನಿಲ್ಲಿಸಿದ್ದರು. ನಮ್ಮದೂ ನಿಂತಿತು. ಆವಿಯ ಮೇಲೆ ಬಿದ್ದು ಥೇಟ್ ನಿನ್ನೆಯ ಬಿಸಿಲು. ಆದರೆ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಅಂದರೆ 4 ನಿಮಿಷಕ್ಕೆ ಒಂದು ಡಿಗ್ರಿ. ಒಂದು ಟೇಕಿಗೂ ಇನ್ನೊಂದಕ್ಕೂ ಬೆಳಕು ಯಜಮಾನರ ಭುಜದಿಂದ ಗೋಡೆಗೆ ಜಾರಿ ಹೋಗುತ್ತಿತ್ತು. ಗೋಡೆಯ ಮೇಲೆ ಬಳಪದಲ್ಲಿ ಗುರುತು ಮಾಡಿ, ಪ್ರತಿ ಟೇಕಿಗೂ ಮುಂಚೆ ಕನ್ನಡಿ ಹಿಡಿದ ಹುಡುಗನಿಗೆ "ಇನ್ನೊಂಚೂರು, ಇನ್ನೊಂಚೂರು" ಅನ್ನುವುದು ನನ್ನ ಕೆಲಸವಾಯಿತು.

ಬೆಲ್ಲದ ಶಾಟಿನಲ್ಲಿ ಮೈಸೂರಿನ ಹುಡುಗ ಸಿಕ್ಕಿಬಿದ್ದ. ಮೊದಲ ಟೇಕಿನಲ್ಲಿ ಹುಮ್ಮಸ್ಸಿನಿಂದ ದೊಡ್ಡ ತುಂಡು ಕಚ್ಚಿದ. ಮಾಡಿದ್ದನ್ನು ಪ್ರತಿ ಸಲ ಮಾಡಲೇಬೇಕು. ಏಳು ಟೇಕು, ಏಳು ಅಚ್ಚು. ಅಲ್ಲಿಗೆ ಬೆಲ್ಲದ ಮೇಲೆ ಅವನಿಗಿದ್ದ ಆಸೆ ತೀರಿತು. ತಿನ್ನುವ ಸೀನಿದ್ದರೆ ಸಣ್ಣದಾಗಿ ಕಚ್ಚಿ.

ಸಂಜೆ ನಾಲೆ ಏರಿಯ ಮೇಲೆ ಮಗ ನಡೆದು ಬರುವುದು, ಹೋಗುವುದು. ಬರುವಾಗ ಎಲ್ಲ ಶಾಟಿನಲ್ಲೂ ಎಡದಿಂದ ಬಲಕ್ಕೆ, ಹೋಗುವಾಗ ಬಲದಿಂದ ಎಡಕ್ಕೆ. ಮಧ್ಯೆ ಒಂದು ಉಲ್ಟಾ ಬಂದರೆ ಹುಡುಗ ಏನೋ ಮರೆತು ವಾಪಸ್ ಬಂದ ಅನ್ನಿಸುತ್ತದೆ. ಇದಕ್ಕೆ ಹೆಚ್ಚು ತೊಂದರೆ ಆಗಲಿಲ್ಲ.

ಎಡಿಟಿಂಗ್ ಮೈಸೂರಿನ ಕುವೆಂಪುನಗರದಲ್ಲಿ, ಕ್ಯಾಮೆರಾ ಹುಡುಗನ ರೂಮಿನಲ್ಲಿ. ಭಾನುವಾರ ಪುಸ್ತಕ ಹಿಡಿದು ನಾನೂ ರೈಲು ಹತ್ತಿದೆ. ಯಾವ ಟೇಕ್ ಎಲ್ಲಿದೆ ಅಂತ ಕೇಳಿದ ತಕ್ಷಣ ಹೇಳುತ್ತಿದ್ದೆ. ಒಂದು ಮಜಾ ಅಲ್ಲಿ ನೋಡಿದೆ. ಯಜಮಾನರು ಬಕೆಟ್ ಮೇಲೆ ಕೂರುವುದನ್ನು ಅಗಲ ಶಾಟಿನಲ್ಲಿ ಅರ್ಧ, ಹತ್ತಿರದ ಶಾಟಿನಲ್ಲಿ ಉಳಿದರ್ಧ ಜೋಡಿಸಿದರು. ಕಟ್ ಎಲ್ಲಿದೆ ಅಂತ ನನಗೇ ಕಾಣಲಿಲ್ಲ, ಕಣ್ಣು ಕೂರುವವರ ಹಿಂದೆ ಹೋಗಿಬಿಡುತ್ತದೆ. ಕೂತಾದ ಮೇಲೆ ಕತ್ತರಿಸಿದರೆ ಕಾಣುತ್ತದೆ. ಇದಕ್ಕೆ ಎರಡೂ ಶಾಟಿನಲ್ಲಿ ಪೂರ್ತಿ ಕೂತಿರಬೇಕು. ಎರಡು ಮುಖದ ಶಾಟ್‌ಗಳನ್ನು ಹೆಚ್ಚುಕಡಿಮೆ ಒಂದೇ ಕೋನದಿಂದ ತೆಗೆದಿದ್ದೆವು. ಅವೆರಡನ್ನು ಜೋಡಿಸಿದರೆ ಯಜಮಾನರ ತಲೆ ಬಿಕ್ಕಳಿಕೆ ಬಂದ ಹಾಗೆ ಹಾರುತ್ತಿತ್ತು. ಕೋನ ಕನಿಷ್ಠ 30 ಡಿಗ್ರಿಯಾದರೂ ಬದಲಾಗಬೇಕು, ಜೊತೆಗೆ ಮುಖದ ಗಾತ್ರವೂ ಬದಲಾದರೆ ಇನ್ನೂ ಒಳ್ಳೆಯದು. ಮಗನ ಒಂದು ಒಳ್ಳೆಯ ನೋಟ ಹಾಳಾಯಿತು. ಮಾತು ಮುಗಿಯುವುದಕ್ಕೇ ಕಾದಿದ್ದ ಹಾಗೆ ಭಾಮೈದ "ಕಟ್" ಅಂದಿದ್ದ. ಐದು ಸೆಕೆಂಡ್ ಸುಮ್ಮನಿದ್ದಿದ್ದರೆ ಸಿಗುತ್ತಿತ್ತು.

ಜಗಳ ಆದದ್ದು ಒಂದೇ ವಿಷಯಕ್ಕೆ. ಒಂಬತ್ತನೇ ಸೀನಿನಲ್ಲಿ ಯಜಮಾನರ ಎರಡನೇ ಟೇಕ್. ಮಗನನ್ನು ನೋಡುತ್ತಾ ಅವರ ಕಣ್ಣು ತುಂಬಿ ಬಂದಿತ್ತು. ಒಲೆಯ ಹೊಗೆಗೋ, ನಿಜವಾಗಿಯೋ, ಕೇಳಿದರೆ ಅವರೂ ಹೇಳಲಿಲ್ಲ. ಆದರೆ ಆ ಟೇಕಿನಲ್ಲಿ ಲೋಟ ಎಡಗೈಯಲ್ಲಿ. ಮಾಸ್ಟರಿನಲ್ಲಿ ಬಲಗೈ. ನಾನು ಎನ್‌ಜಿ ಅಂತ ಬರೆದಿದ್ದೆ. ಭಾಮೈದ ಅದೇ ಬೇಕು ಅಂದ.

"ನಾನು ಎರಡು ದಿನ ಬರೆದದ್ದು ಮತ್ಯಾಕಯ್ಯಾ?"

ಅವನು ವಾಲ್ಟರ್ ಮರ್ಚ್ ಅನ್ನುವ ಅಮೆರಿಕದ ಎಡಿಟರ್ ಒಬ್ಬರ ಲೆಕ್ಕ ಹೇಳಿದ. ಒಂದು ಕಟ್ ಮಾಡುವಾಗ ಯಾವುದಕ್ಕೆ ಎಷ್ಟು ಬೆಲೆ ಅಂತ ಅವರು ಅಂಕ ಕೊಟ್ಟಿದ್ದಾರಂತೆ. ಭಾವಕ್ಕೆ 51, ಕಥೆಗೆ 23, ಲಯಕ್ಕೆ 10, ನೋಡುವವನ ಕಣ್ಣು ಪರದೆಯಲ್ಲಿ ಎಲ್ಲಿದೆ ಅನ್ನುವುದಕ್ಕೆ 7, ಪರದೆಯ ಎಡ ಬಲಕ್ಕೆ 5, ಯಾರು ಎಲ್ಲಿ ನಿಂತಿದ್ದಾರೆ ಅನ್ನುವ ಜಾಗದ ಲೆಕ್ಕಕ್ಕೆ 4. ಅಭ್ಯಾಸಬಲ, ತಕ್ಷಣ ಕೂಡಿದೆ. ಸರಿಯಾಗಿ 100. ನಾನು ಜಲ್ಲೆ ಇಟ್ಟು ಕಾಯ್ದ ಗೆರೆಗೆ ಬರೀ 5. ಲೋಟದ ಕೈಗೆ ಬಹುಶಃ ಚಿಲ್ಲರೆ.

ಆ ಲೆಕ್ಕ ನಾನು ಪೂರ್ತಿ ಒಪ್ಪಿಲ್ಲ. ಹೊಸಬರು "ಭಾವ ಮುಖ್ಯ" ಅಂತ ಹೇಳಿಕೊಂಡು ಗೆರೆ ದಾಟಿದರೆ ಭಾವವೂ ಇರಲ್ಲ, ಗೆರೆಯೂ ಇರಲ್ಲ. ಬಲ, ಬಲ ಆದ ಸೀನಿನಲ್ಲಿ ಯಾರಿಗೆ ಕಣ್ಣೀರು ಬಂದೀತು? ಆದರೆ ಆ ಟೇಕ್ ಮತ್ತೆ ಹಾಕಿ ನೋಡಿದಾಗ ನಾನೂ ಲೋಟ ನೋಡಲಿಲ್ಲ. ಮಧ್ಯೆ ಎರಡು ಸೆಕೆಂಡ್ ಮಗನ ಮುಖ ಹಾಕಿ, ಅಷ್ಟರಲ್ಲಿ ಅಪ್ಪ ಕೈ ಬದಲಿಸಿರಬಹುದು ಅನ್ನುವ ಹಾಗೆ ಮುಚ್ಚಿದರು. ಎನ್‌ಜಿ ಹೊಡೆದು ಹಾಕಿ ಓಕೆ ಅಂತ ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಪುಸ್ತಕದಲ್ಲಿ ತಿದ್ದಿದರೆ ಸಹಿ ಬೇಕು.

ನನ್ನದೇ ತಪ್ಪು ಸಿಕ್ಕಿದ್ದು ಆಮೇಲೆ. ಎರಡನೇ ಸೀನಿನಲ್ಲಿ ಹೊರಗೆ, ಟವಲು ಯಜಮಾನರ ಬಲ ಹೆಗಲ ಮೇಲೆ. ಬಾಗಿಲು ದಾಟಿ ಮೂರನೇ ಸೀನಿಗೆ ಒಳಗೆ ಬಂದರೆ ಎಡ ಹೆಗಲ ಮೇಲೆ. ಸಾಧ್ಯವೇ ಇಲ್ಲ ಅಂದೆ. ಫೋಟೋ ನೋಡಿಯೇ ಹಾಕಿಸಿದ್ದೆ. ಫೋನ್ ತೆಗೆದು ತೋರಿಸಿದೆ. ಮೊದಲ ದಿನ ಸಂಜೆ ಬೆಳಕು ಹೋಗುತ್ತಿದ್ದ ಗಡಿಬಿಡಿಯಲ್ಲಿ ನಾನು ಕೊನೆಯ ಫೋಟೋ ತೆಗೆದಿರಲಿಲ್ಲ. ಯಜಮಾನರ ಮೊಮ್ಮಗ ನನ್ನ ಫೋನಿನಲ್ಲಿ ತಾತನ ಜೊತೆ ತೆಗೆದ ಸೆಲ್ಫಿ ಇತ್ತು, ಅದನ್ನೇ ನಂಬಿದ್ದೆ. ಕ್ಯಾಮೆರಾ ಹುಡುಗ ಅದನ್ನು ದೊಡ್ಡದು ಮಾಡಿದ. ಹಿಂದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ದೇವರ ಹೆಸರು ಉಲ್ಟಾ ಇತ್ತು. ಕನ್ನಡಿಯಲ್ಲಿ ಕಾಣುವ ಹಾಗೆ.

ಅದನ್ನು ಸರಿ ಮಾಡಲು ದಾರಿ ಇರಲಿಲ್ಲ. ಹಾಗೇ ಬಿಟ್ಟೆವು.

ಸಿನಿಮಾವನ್ನು ಮೊದಲು ತೋರಿಸಿದ್ದು ಅದೇ ಆಲೆಮನೆಯ ಮುಂದೆ, ಬಿಳಿ ಪಂಚೆ ಕಟ್ಟಿ. ಎಪ್ಪತ್ತು ಎಂಬತ್ತು ಜನ ಇದ್ದರು. ಟವಲಿನ ಕಟ್ ಬಂದಾಗ ನಾನು ಪರದೆ ಬಿಟ್ಟು ಜನರನ್ನು ನೋಡಿದೆ. ಯಾರ ಮುಖದಲ್ಲೂ ಏನೂ ಇಲ್ಲ. ಒಂಬತ್ತನೇ ಸೀನಿನಲ್ಲಿ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಲೋಟ ಯಾವ ಕೈಯಲ್ಲಿದೆ ಅಂತ ಯಾರೂ ಕೇಳಲಿಲ್ಲ. ನನಗೆ ಉಸಿರು ಬಂತು.

ಎಲ್ಲ ಎದ್ದು ಹೋದ ಮೇಲೆ ಯಜಮಾನರು ಹತ್ತಿರ ಬಂದರು. ಹೆಗಲ ಮೇಲೆ ಅದೇ ಟವಲು.

"ಸಾ, ವಸಿ ಬನ್ನಿ ಇಲ್ಲಿ. ನನ್ ಟವಲ್ಲು ಬಾಗ್ಲು ದಾಟ್ತಿದ್ದಂಗೆ ಈ ಕಡೆಯಿಂದ ಆ ಕಡೆಗೆ ಹೋಗ್ಬುಡ್ತಲ್ಲಾ?"

"ಗೊತ್ತಾಯ್ತಾ ನಿಮಗೆ?"

"ಅವತ್ತೇ ಗೊತ್ತಿತ್ತು ಸಾ. ಹಿಂದಿನ್ ದಿನ ಬಲಗಡೆ ಹಾಕಿದ್ದೆ. ಹೇಳುವ ಅನ್ಕಂಡೆ. ನೀವು ಬುಕ್ಕು ಕೈಲಿಟ್ಕಂಡು ಎಡಗಡೆ ಅಂದ್ರಲ್ಲಾ, ಸುಮ್ಕಾದೆ."